ಕೂಗಿಗೆ ಕೊರಳು ಕೊಟ್ಟ ಬ್ಯಾಂಡು

ಕಂಡಕ್ಟರ್ ಕೂತದ್ದನ್ನು ಕಂಡವರಿಲ್ಲ. ಬಸ್ಸಿನ ಬಾಗಿಲ ಪಕ್ಕ ಅವನಿಗೆಂದೇ ಒಂದು ಸೀಟಿದೆ. ಅದರಲ್ಲಿ ಅವನ ಊಟದ ಡಬ್ಬಿ ಕೂತು ಪ್ರಯಾಣ ಮಾಡುತ್ತದೆ. ಮನೆಯಲ್ಲೂ ಅಷ್ಟೇ. ನಿಂತೇ ಚಹಾ ಕುಡಿಯುತ್ತಾನೆ, ನಿಂತೇ ಪೇಪರು ಓದುತ್ತಾನೆ. ಟೀವಿ ನೋಡುವಾಗ ಒಂದು ಕೈ ಕಿಟಕಿಯ ಸರಳಿನ ಮೇಲಿರುತ್ತದೆ, ಮನೆ ಯಾವ ಗಳಿಗೆಯಲ್ಲಿ ಬ್ರೇಕ್ ಹಾಕುತ್ತದೋ ಹೇಳಲಾಗುವುದಿಲ್ಲ ಎನ್ನುವ ಹಾಗೆ. ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರೆ ಹೆಂಡತಿ ಅವನ ಮಾತನ್ನೇ ಅವನಿಗೆ ತಿರುಗಿಸಿ, "ಒಳಗೆ ನಡೀರಿ, ಒಳಗೆ ಜಾಗ ಇದೆ" ಎಂದು ಸೌಟಿನಿಂದ ಅಟ್ಟುತ್ತಾಳೆ.

ಆ ವಾರವಂತೂ ಅವನ ಕಾಲು ನೆಲದ ಮೇಲೆ ನಿಲ್ಲಲೇ ಇಲ್ಲ. ಕಾರಣ ಒಂಬತ್ತನೇ ತರಗತಿಯ ಮಗಳು. ಅವಳ ಶಾಲೆಯಲ್ಲಿ ಇತಿಹಾಸದ ಮೇಷ್ಟ್ರು ಮತ್ತು ಸಂಗೀತದ ಟೀಚರ್ ಸೇರಿಕೊಂಡು ಹೊಸ ಉಪದ್ರವವೊಂದನ್ನು ಕಂಡುಹಿಡಿದಿದ್ದರು. ಪ್ರತಿಯೊಬ್ಬರೂ ಒಂದು ವಿಷಯ ಆರಿಸಿಕೊಂಡು ತರಗತಿಯ ಮುಂದೆ ಮಾತಾಡಬೇಕು. ಅದರಲ್ಲಿ ಸಂಗೀತವೂ ಇರಬೇಕು, ಇತಿಹಾಸವೂ ಇರಬೇಕು. ವಿಷಯದ ಹೆಸರನ್ನು ಸೋಮವಾರ ಕೊಡಬೇಕು. ಇಬ್ಬರಿಗೂ ಮುಖ್ಯವಾದದ್ದು ಕಾಲ. ಮೇಷ್ಟ್ರು ಕಾಲ ಎಂದರೆ ಯಾವ ರಾಜನ ಕಾಲ ಎಂದು ಕೇಳುತ್ತಿದ್ದರು, ಟೀಚರ್ ಕಾಲ ಎಂದರೆ ಹಾಡಿನ ವೇಗ, ಒಂದನೇ ಕಾಲವೋ ಎರಡನೇ ಕಾಲವೋ ಎಂದು ಕೇಳುತ್ತಿದ್ದರು. ನಡುವೆ ಮಕ್ಕಳು ಕಾಲಕೆಳಗಾಗುತ್ತಿದ್ದರು.

ಮಗಳು ದಿನಕ್ಕೊಂದು ವಿಷಯ ಹಿಡಿದಳು, ದಿನಕ್ಕೊಂದು ಬಿಟ್ಟಳು. ರಾಜರ ಆಸ್ಥಾನದ ಗಾಯಕರನ್ನು ಹಿಡಿದರೆ ಅರ್ಧ ತರಗತಿ ಆಗಲೇ ಆಸ್ಥಾನದಲ್ಲಿ ಸೀಟು ಹಿಡಿದಿತ್ತು. ಯುದ್ಧದ ಕಹಳೆಯನ್ನು ಮೊದಲ ಬೆಂಚಿನವನು ಕಸಿದುಕೊಂಡ. ಗ್ರಾಮಫೋನಿನ ಕಥೆಯನ್ನು ಡಾಕ್ಟರ ಮಗಳು ಚಿತ್ರಸಮೇತ ಮುಗಿಸಿಬಿಟ್ಟಿದ್ದಳು. ಕೊನೆಗೆ ಲಾಲಿಹಾಡು ಎಂದು ಅಮ್ಮನ ಹತ್ತಿರ ಹೋದಳು. ನಿನ್ನನ್ನು ಮಲಗಿಸುವುದಕ್ಕೆ ಹಾಡುತ್ತಿದ್ದೆ ಎನ್ನುವುದು ನೆನಪಿದೆ, ಆಮೇಲೆ ನಾನೇ ಮಲಗಿಬಿಡುತ್ತಿದ್ದೆ, ಅದಕ್ಕಿಂತ ಹೆಚ್ಚಿನ ಇತಿಹಾಸ ನನ್ನಲ್ಲಿಲ್ಲ ಎಂದು ಅಮ್ಮ ಕೈತೊಳೆದುಕೊಂಡಳು.

ಶನಿವಾರ ಸಂಜೆ ಕಂಡಕ್ಟರ್ ಗಂಟಲು ಸರಿಮಾಡಿಕೊಂಡ. ಚಿಲ್ಲರೆ ವಾಪಸು ಕೊಡುವಷ್ಟು ಹಗುರವಾಗಿ ಹೇಳಿದ.

"ಮಿಲ್ಲಿನ ಬ್ಯಾಂಡ್ ಬಗ್ಗೆ ಮಾಡು."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಈ ಮಾತನ್ನು ಅವನು ಆ ವಾರ ಯೋಚಿಸಿದ್ದಲ್ಲ. ಮಗಳು ಹುಟ್ಟುವುದಕ್ಕೂ ಮೊದಲಿನಿಂದ ಅದು ಅವನ ಹೊಟ್ಟೆಯಲ್ಲಿತ್ತು.

ಕಂಡಕ್ಟರ್ ಈ ಊರಿನವನಲ್ಲ. ಇಲ್ಲಿನ ಬಟ್ಟೆ ಮಿಲ್ಲಿಗೆ ಕೆಲಸ ಕಲಿಯಲು ಬಂದವನು, ಬರುವಾಗ ಬಟ್ಟೆಗಿಂತ ಜೋಪಾನವಾಗಿ ಒಂದು ಕ್ಲಾರಿನೆಟ್ ತಂದಿದ್ದ. ಅದು ಅವನ ಅಣ್ಣನದು. ಅಣ್ಣ ಕೊಟ್ಟದ್ದೂ ಅಲ್ಲ, ಸಾಲ ಕೊಟ್ಟದ್ದೂ ಅಲ್ಲ. "ಇಟ್ಕೊಂಡಿರು, ಕೇಳಿದಾಗ ಕೊಡು" ಎಂದಿದ್ದ, ಇವತ್ತಿನವರೆಗೂ ಕೇಳಿಲ್ಲ. ಮಿಲ್ಲಿನ ಕೆಲಸಗಾರರದೇ ಒಂದು ಬ್ಯಾಂಡ್ ಇತ್ತು. ಅದರ ಮುಖ್ಯಸ್ಥರು ಬಾಯ್ಲರ್ ಮನೆಯಲ್ಲಿ ಕೆಲಸ ಮಾಡುತ್ತಿದ್ದವರು. ಹಗಲೆಲ್ಲ ಮಿಲ್ಲಿಗೆ ಉಗಿ ಊದುತ್ತಿದ್ದರು, ಸಂಜೆ ಕ್ಲಾರಿನೆಟ್ ಊದುತ್ತಿದ್ದರು. ಹೊಸಬ ಊದಿದ್ದನ್ನು ಕೇಳಿ ಅವರು ಮೊದಲು ಬ್ಯಾಂಡಿನಲ್ಲಿ ಜಾಗ ಕೊಟ್ಟರು, ಮರುವರ್ಷ ಮಗಳನ್ನು ಕೊಟ್ಟರು. ಒಂದೇ ಒಂದು ತಕರಾರಿತ್ತು. ಕ್ಲಾರಿನೆಟ್ಟಿನಲ್ಲಿ ಬಾಯಿಗಿಡುವ ಭಾಗದ ಕೆಳಗೆ ಒಂದು ಮೋಟು ತುಂಡು ಇರುತ್ತದೆ. ಬ್ಯಾಂಡಿನವರು ಅದನ್ನು ಕೊರಳು ಎನ್ನುತ್ತಿದ್ದರು. "ನಿಂದು ಕೊರಳು ಸ್ವಲ್ಪ ಉದ್ದ, ಕೊಯ್ಯಬೇಕು" ಎಂದು ಮಾವ ಗರಗಸ ಹಿಡಿದು ಬಂದರು. ಮದುವೆಯಾದ ಹೊಸದರಲ್ಲಿ ಮಾವ ಗರಗಸ ಹಿಡಿದು ಕೊರಳಿನ ಮಾತಾಡಿದರೆ ಯಾವ ಅಳಿಯನಾದರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಇವನು ಅಣ್ಣನ ಹೆಸರು ಹೇಳಿ ತಪ್ಪಿಸಿಕೊಂಡ. ಉಳಿದವರೆಲ್ಲ ಕೊಯ್ಯಿಸಿಕೊಂಡಿದ್ದರು. ಯಾಕೆಂದು ಇವನು ಕೇಳಲಿಲ್ಲ, ಅವರು ಹೇಳಲಿಲ್ಲ. ಇವನ ಸ್ವರ ಉಳಿದವರಿಗಿಂತ ಒಂದು ಎಳೆ ಕೆಳಗಿರುತ್ತಿತ್ತು. ತುಟಿ ಬಿಗಿಹಿಡಿದು, ಉಸಿರು ದಬ್ಬಿ, ಹೇಗೋ ಅದನ್ನು ಮೇಲೆತ್ತಿ ಸಂಭಾಳಿಸುತ್ತಿದ್ದ.

ದೊಡ್ಡ ಪಟ್ಟಣದಲ್ಲಿ ಬ್ಯಾಂಡುಗಳ ಸ್ಪರ್ಧೆ ನಡೆದ ದಿನ ತುಟಿ ಕೈಕೊಟ್ಟಿತು. ಹೆದರಿಕೆಗೆ ಒಣಗಿದ ತುಟಿ ಬಿಗಿಯಲಿಲ್ಲ; ಇವನ ಸ್ವರ ಅನ್ನದಲ್ಲಿನ ಕಲ್ಲಿನ ಹಾಗೆ ಎಲ್ಲರ ಹಲ್ಲಿಗೂ ಸಿಕ್ಕಿತು. ಅದಾದರೂ ಕ್ಷಮಿಸುವಂಥದ್ದು. ಕೊನೆಯಲ್ಲಿ ಎಲ್ಲ ಊರಿನ ಬ್ಯಾಂಡುಗಳೂ ಸೇರಿ ಒಂದು ಹಾಡು ನುಡಿಸಬೇಕಿತ್ತು. ಆಗ ಒಂದು ವಿಚಿತ್ರ ನಡೆಯಿತು. ಆ ಅಪರಿಚಿತರ ಸ್ವರದೊಳಗೆ ಇವನ ಸ್ವರ ಬೀಗದೊಳಗೆ ಕೀಲಿ ಹೋದಂತೆ ಹೋಗಿ ಕೂತಿತು, ಇವನ ಊರಿನ ಬ್ಯಾಂಡು ಮಾತ್ರ ಒಟ್ಟಾಗಿ ಎಲ್ಲರ ತಲೆಯ ಮೇಲೆ ತೇಲುತ್ತಿತ್ತು. ಇವನಿಗೆ ನಗು ಬಂತು. ಮಾವನ ಕಣ್ಣಿಗೆ ಆ ನಗು ಬಿತ್ತು.

"ಕೆಳಗಿಡು" ಎಂದರು ಮಾವ, ಎಲ್ಲರ ಮುಂದೆ.

ಇಟ್ಟ. ಮತ್ತೆ ಎತ್ತಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಸೀಟಿತ್ತು, ಪಕ್ಕದಲ್ಲಿ ಕೂರುವವರು ಇರಲಿಲ್ಲ. ದಾರಿಯುದ್ದಕ್ಕೂ ನಿಂತೇ ಬಂದ. ಊರು ಅವನಿಗೆ 'ಅಪಸ್ವರ' ಎಂದು ಹೆಸರಿಟ್ಟಿತು. ತಪ್ಪು ನನ್ನದಲ್ಲ, ಬ್ಯಾಂಡಿನದು ಎಂದು ಒಂದಿಬ್ಬರಿಗೆ ಹೇಳಿ ನೋಡಿದ. ಹತ್ತು ಜನ ಒಟ್ಟಿಗೆ ತಪ್ಪಿದರೆ ಅದಕ್ಕೆ ಶ್ರುತಿ ಎನ್ನುತ್ತಾರೆ, ಒಬ್ಬನೇ ಸರಿಯಿದ್ದರೆ ಅದಕ್ಕೆ ಸೊಕ್ಕು ಎನ್ನುತ್ತಾರೆ. ಮುಂದೆ ಮಿಲ್ಲು ಮುಚ್ಚಿತು, ಬ್ಯಾಂಡು ಚದುರಿತು, ಅವನು ಬಸ್ಸು ಸೇರಿದ. ಹೆಸರು ಮಾತ್ರ ಟಿಕೆಟ್ಟಿಲ್ಲದೆ ಅವನ ಜೊತೆ ಬಂತು. ಇವತ್ತಿಗೂ ಹಳೆಯ ಮಿಲ್ಲಿನವರು ದೂರದಿಂದ ಬಸ್ಸು ಕಂಡರೆ, "ಬಂತು ನೋಡು ಅಪಸ್ವರದ ಗಾಡಿ" ಎನ್ನುತ್ತಾರೆ. ಅವರ ಮೊಮ್ಮಕ್ಕಳು ಮಗಳ ತರಗತಿಯಲ್ಲಿದ್ದಾರೆ. ಆ ಹೆಸರು ಶಾಲೆಯ ಗೇಟು ದಾಟಿದೆ ಎನ್ನುವುದು ಮಗಳು ಹೇಳದಿದ್ದರೂ ಅವನಿಗೆ ಗೊತ್ತು. ಅವಳು ಈಚೆಗೆ ಅವನ ಬಸ್ಸು ಬಿಟ್ಟು ಅದರ ಹಿಂದೆ ಬರುವ ಬಸ್ಸು ಹತ್ತುತ್ತಾಳೆ.

ಮಾವ ಮತ್ತು ಅಳಿಯ ಅಂದಿನಿಂದ ನೇರ ಮಾತಾಡಿಲ್ಲ. "ನಿನ್ನ ಗಂಡನಿಗೆ ಚಹಾ ಬೇಕೇನೋ ಕೇಳು" ಎಂದು ಅವರು, "ನಿಮ್ಮಪ್ಪನಿಗೆ ಬೇಡ ಅಂತ ಹೇಳು" ಎಂದು ಇವನು. ಇಷ್ಟಾದರೂ ಮರ್ಯಾದೆ ಬಿಟ್ಟವನಲ್ಲ. ಮಾವನನ್ನು ಮನಸ್ಸಿನಲ್ಲಿ ಬೈಯುವಾಗಲೂ ಬಹುವಚನದಲ್ಲೇ ಬೈಯುತ್ತಿದ್ದ.

ಭಾನುವಾರ ಮಾವನ ಮನೆಗೆ, ಮಗಳ ಲೆಕ್ಕದಲ್ಲಿ ಅಜ್ಜನ ಮನೆಗೆ, ಹೊರಟಾಗ ಕಂಡಕ್ಟರ್ ಬೀರುವಿನ ಮೇಲಿನ ಉದ್ದ ಪೆಟ್ಟಿಗೆ ಇಳಿಸಿ ಚೀಲಕ್ಕೆ ಹಾಕಿಕೊಂಡ. ಹೆಂಡತಿ ನೋಡಿದಳು. ಪೆಟ್ಟಿಗೆಯ ಮೇಲೆ ಧೂಳಿರಲಿಲ್ಲ. ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಜೊಂಡಿನ ಪಟ್ಟಿ, ರೀಡು, ಹೊಸದಾಗಿತ್ತು.

"ಜಗಳಕ್ಕೆ ಹೋಗ್ತಿದ್ದೀರಾ, ಪಾಠಕ್ಕೆ ಹೋಗ್ತಿದ್ದೀರಾ?"

ಮಗಳಿಗೆ ತೋರಿಸುವುದಕ್ಕೆ ಎಂದ. ಅದು ಸುಳ್ಳೇನಲ್ಲ. ಯಾವುದನ್ನು ತೋರಿಸುವುದಕ್ಕೆ ಎನ್ನುವುದನ್ನು ಮಾತ್ರ ನುಂಗಿಕೊಂಡ.

ಅಜ್ಜ ಅಜ್ಜಿ ಇನ್ನೂ ಮಿಲ್ಲಿನ ಹಳೆಯ ಕ್ವಾರ್ಟರ್ಸಿನಲ್ಲೇ ಇದ್ದಾರೆ. ಒಂದು ಗೋಡೆ ಇನ್ನೊಬ್ಬರದು, ಇನ್ನೊಂದು ಮತ್ತೊಬ್ಬರದು, ಸ್ವಂತದ್ದೆನ್ನಲು ಮುಂದಿನ ಕಿಟಕಿ ಒಂದೇ. ಆ ಕಿಟಕಿಗೆ ತಂತಿ ಎಳೆದು ಪರದೆ ಹಾಕಿದ್ದಾರೆ. ಪರದೆ ಒಂದು ಕಡೆ ಜೋತುಬಿದ್ದಿದೆ, ಯಾವಾಗಿನಿಂದಲೋ ಹಾಗೇ ಇದೆ.

ಮೊಮ್ಮಗಳು ಬ್ಯಾಂಡಿನ ಬಗ್ಗೆ ಶಾಲೆಯಲ್ಲಿ ಮಾತಾಡುತ್ತಾಳೆ ಎಂದದ್ದೇ ತಡ, ಅಜ್ಜ ಬಿಳಿ ಶರ್ಟು ಹಾಕಿಕೊಂಡು ಬಂದು ಕೂತರು. ಮಾತು ಉಗಿಯ ಹಾಗೆ ಹೊರಟಿತು. ಬ್ಯಾಂಡು ಹೇಗೆ ಹುಟ್ಟಿತು, ಮುಷ್ಕರದ ಮೆರವಣಿಗೆಯಲ್ಲಿ ಇವರು ಊದುತ್ತಿದ್ದರೆ ತಡೆಯಲು ಬಂದ ಪೊಲೀಸರೂ ಅದೇ ತಾಳಕ್ಕೆ ಹೇಗೆ ಹೆಜ್ಜೆ ಹಾಕಿಬಿಟ್ಟರು, ಹೊಸ ಬಾಯ್ಲರು ರೈಲಿನಿಂದಿಳಿದು ಬಂದಾಗ ಮದುಮಗನನ್ನು ಕರೆತಂದಂತೆ ಅದನ್ನು ಬ್ಯಾಂಡು ಬಾರಿಸಿ ಹೇಗೆ ಕರೆತಂದರು, ಎಲ್ಲವನ್ನೂ ಹೇಳಿದರು. ಮಗಳು ಬರೆದುಕೊಳ್ಳುವುದನ್ನೂ ಮರೆತು ಕೇಳಿದಳು. ಕಂಡಕ್ಟರ್ ಹೊಸ್ತಿಲ ಮೇಲೆ ನಿಂತಿದ್ದ. ಹೊರಗೆ ಹೋಗುತ್ತಿದ್ದ, ಬರುತ್ತಿದ್ದ. ಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಬದಲಾಯಿಸುತ್ತಿದ್ದ.

ನಿಮ್ಮ ಶ್ರುತಿ ಯಾವುದು ಅಜ್ಜ, ಎಂದು ಮಗಳು ಕೇಳಿದಾಗ ಅವನ ಕಾಲು ನಿಂತಿತು.

ಶ್ರುತಿಗೇನು ಬರ, ಮಿಲ್ಲಿನ ಕೂಗು ಇತ್ತಲ್ಲ ಎಂದರು ಅಜ್ಜ. ಪಾಳಿ ಬದಲಾದಾಗೆಲ್ಲ ಇಡೀ ಊರಿಗೆ ಕೇಳುವ ಹಾಗೆ ಉಗಿಯ ಸಿಳ್ಳೆ ಕೂಗುತ್ತಿತ್ತು. ಯಾವ ಮನೆಯಲ್ಲಿ ಯಾವನಿದ್ದರೂ ಅದಕ್ಕೆ ತನ್ನ ವಾದ್ಯ ಸೇರಿಸಿಕೊಳ್ಳುತ್ತಿದ್ದ. ಶ್ರುತಿಪೆಟ್ಟಿಗೆ ಇರುವುದು ಬಡಪಾಯಿಗಳಿಗೆ. ನಮಗೆ ಮಿಲ್ಲೇ ಶ್ರುತಿಪೆಟ್ಟಿಗೆ.

ಮಗಳು ಅಮ್ಮನ ಫೋನು ತೆಗೆದಳು. ಸಂಗೀತದ ಟೀಚರ್ ಹೇಳಿಕೊಟ್ಟ ಒಂದು ಆ್ಯಪ್ ಅದರಲ್ಲಿತ್ತು. ಸ್ವರ ಸರಿಯಿದ್ದರೆ ಮುಳ್ಳು ನಡುವೆ ನಿಂತು ಹಸಿರಾಗುತ್ತದೆ, ಹೆಚ್ಚಾದರೆ ಬಲಕ್ಕೆ ವಾಲುತ್ತದೆ, ಕಡಿಮೆಯಾದರೆ ಎಡಕ್ಕೆ. ಅಜ್ಜ ತಮ್ಮ ಕ್ಲಾರಿನೆಟ್ ತಂದು ಊದಿದರು. ಈ ವಯಸ್ಸಿನಲ್ಲೂ ಸ್ವರ ದಾರದ ಹಾಗೆ ನೆಟ್ಟಗಿತ್ತು. ಮುಳ್ಳು ಬಲಕ್ಕೆ ಹೋಯಿತು. ಮತ್ತೊಮ್ಮೆ ಊದಿದರು, ಮತ್ತೆ ಬಲಕ್ಕೇ ಹೋಯಿತು.

"ನಿನ್ನ ಫೋನು ಕೆಟ್ಟಿದೆ ಮಗಾ" ಎಂದರು ಅಜ್ಜ, ಕರುಣೆಯಿಂದ.

"ಅಪ್ಪ, ನೀನು ಊದು" ಎಂದಳು ಮಗಳು.

ಕಂಡಕ್ಟರ್ ಪೆಟ್ಟಿಗೆ ತೆರೆದ. ತುಂಡು ತುಂಡನ್ನು ಜೋಡಿಸುವುದಕ್ಕೇ ಹೊತ್ತು ಹಿಡಿಯಿತು. ಊದಿದಾಗ ಮೊದಲು ಗಾಳಿ ಬಂತು, ಆಮೇಲೆ ಕೀರಲು ಬಂತು, ಆಮೇಲೆ ಸ್ವರ ಬಂತು. ಮುಳ್ಳು ನಡುವೆ ನಿಂತು ಹಸಿರಾಯಿತು.

ಪಕ್ಕದ ಮನೆಯಲ್ಲಿ ಯಾರೋ ಬಕೆಟ್ ಇಟ್ಟ ಸದ್ದು ಗೋಡೆಯಲ್ಲಿ ಕೇಳಿಸಿತು. ಮಗಳು ಎರಡೂ ಕ್ಲಾರಿನೆಟ್ಟನ್ನು ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿ, ಅಜ್ಜನದು ಯಾಕೆ ಗಿಡ್ಡ ಎಂದು ಕೇಳಿದಳು. ಎರಡಕ್ಕೂ ಒಂದು ಬಳೆಯಷ್ಟು ವ್ಯತ್ಯಾಸವಿತ್ತು.

ಅಜ್ಜಿಗೆ ನಗು. "ಆ ತುಂಡೆಲ್ಲ ಎಲ್ಲಿಗೂ ಹೋಗಿಲ್ಲ ಕಣೇ, ಇಲ್ಲೇ ಇದಾವೆ" ಎಂದು ಕಿಟಕಿಯ ಪರದೆ ಸರ್ರನೆ ಎಳೆದಳು. ತಂತಿಯ ಮೇಲೆ ಬಳೆಗಳು ಕಿಣಿಕಿಣಿ ಎಂದವು. ಮಗಳು ಹುಟ್ಟಿದಾಗಿನಿಂದ ನೋಡಿದ ಪರದೆ ಅದು. ಬಳೆಗಳನ್ನು ಮಾತ್ರ ಆ ದಿನ ಮೊದಲ ಸಲ ನೋಡಿದಳು. ಕೆಲವು ಕಪ್ಪು ಮರದವು, ಕೆಲವು ಕಿರಿದಾದ ಹಿತ್ತಾಳೆಯವು, ಒಂದರಂತೆ ಒಂದಿಲ್ಲ. ಕ್ಲಾರಿನೆಟ್ಟುಗಳಿಂದ, ಟ್ರಂಪೆಟ್ಟುಗಳಿಂದ ಕೊಯ್ದ ತುಂಡುಗಳು. ಒಂದೊಂದನ್ನೂ ಬಟ್ಟೆಗೆ ದಾರದಿಂದ ಹೊಲಿದು ತಂತಿಗೆ ಪೋಣಿಸಿದ್ದರು. ಒಂದು ಕಡೆ ಮಾತ್ರ ಬಳೆಯಿಲ್ಲದೆ ಬಟ್ಟೆ ಜೋತುಬಿದ್ದಿತ್ತು.

ಅಲ್ಲಿಗೊಂದು ಅಂಗಡಿಯ ಬಳೆ ತಂದು ಹಾಕಿ ಎಂದು ವರ್ಷಗಟ್ಟಲೆ ಹೇಳಿದೆ, ಬೇಡ, ಅದು ಅಳಿಯಂದು ಅಂತ ಕೂತಿದಾರೆ ಎಂದಳು ಅಜ್ಜಿ. ಕಂಡಕ್ಟರ್ ಪರದೆಯನ್ನೇ ನೋಡಿದ. ಆ ಮನೆಯಲ್ಲಿ ತನಗೊಂದು ಜಾಗ ಕಾಯ್ದಿರಿಸಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅಜ್ಜ ಆಮೇಲೆ ಮೆಲ್ಲಗೆ ಹೇಳತೊಡಗಿದರು. ಹೇಳುತ್ತ ಹೇಳುತ್ತ ಅವರಿಗೇ ಗೊತ್ತಾಗುತ್ತ ಹೋಯಿತು. ಹಳೆಯ ಬಾಯ್ಲರು ಇದ್ದಾಗ ಕೂಗು ಸ್ವಲ್ಪ ದಪ್ಪಗಿತ್ತು. ಆಗ ಯಾರೂ ಏನೂ ಕೊಯ್ಯಬೇಕಾಗಿರಲಿಲ್ಲ. ಹೊಸ ಬಾಯ್ಲರಿನಲ್ಲಿ ಉಗಿ ಜೋರು. ಅದೇ ಸಿಳ್ಳೆ, ಅದೇ ಜಾಗ, ಆದರೆ ಮೊದಲ ದಿನ ಊದಿದಾಗಲೇ ಕೂಗು ಮೇಲೆ ಹೋಗಿತ್ತು. ಸಂಜೆ ಅಭ್ಯಾಸಕ್ಕೆ ಕೂತರೆ ಎಲ್ಲರ ವಾದ್ಯವೂ ಕೆಳಗೆ. ಆಗ ಗರಗಸ ತೆಗೆದರು. ಬ್ಯಾಂಡಿನವರು ಕ್ಷೌರಕ್ಕೆ ಬಂದವರ ಹಾಗೆ ಸಾಲಾಗಿ ನಿಂತರು.

"ಕೂಗು ಮಿಲ್ಲಿಂದು. ಅದನ್ನ ಇಳಿಸೋಕೆ ನಮ್ಮ ಕೈಲಿ ಆಗತ್ತಾ? ಕೊರಳು ನಮ್ದು. ನಮ್ದನ್ನ ಕೊಯ್ಕೊಂಡ್ವಿ."

ಬೇರೆ ಊರಿನ ಬ್ಯಾಂಡು ನಮ್ಮ ಬಾಯ್ಲರಿಗೆ ಶ್ರುತಿ ಮಾಡಿಕೊಳ್ಳುವುದಿಲ್ಲ ಎನ್ನುವುದು ಬಾಯ್ಲರಿನವನಿಗೇ ಹೊಳೆಯಲಿಲ್ಲ ನೋಡು, ಎಂದರು. ಆಮೇಲೆ ಯಾರ ಕಡೆಗೂ ನೋಡದೆ, ಮೇಜಿಗೆ ಹೇಳಿದಂತೆ ಹೇಳಿದರು.

"ಹಾಗಾದ್ರೆ ಅವತ್ತು ಅವನೇ ಸರಿ ಇದ್ದ."

ಕಂಡಕ್ಟರ್ ಈ ಒಂದು ಮಾತಿಗಾಗಿ ಎಷ್ಟು ಉತ್ತರಗಳನ್ನು ಸಿದ್ಧಮಾಡಿಟ್ಟಿದ್ದ. ಟಿಕೆಟ್ ಹರಿಯುವಾಗ ಒಂದು, ಸಿಳ್ಳೆ ಹಾಕುವಾಗ ಒಂದು. ಖಾರದ್ದಿತ್ತು, ಉದಾರದ್ದಿತ್ತು, ಎಲ್ಲ ಮಿಲ್ಲಿನವರನ್ನೂ ಸಾಲಾಗಿ ನಿಲ್ಲಿಸಿ ಹೇಳುವಂಥದ್ದೊಂದಿತ್ತು. ಬಿಳಿ ಶರ್ಟಿನ ಮಾವ ತಮ್ಮ ಗಿಡ್ಡ ಕ್ಲಾರಿನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಮರವನ್ನು ಕೊಯ್ಯಬಹುದು, ಬೆಳೆಸಲಾಗುವುದಿಲ್ಲ. ಇನ್ನು ಅವರ ಮೊಮ್ಮಗಳೇ ನಾಲ್ಕು ಜನರ ಮುಂದೆ ನಿಂತು, ನಮ್ಮಜ್ಜ ಒಂದು ಇಡೀ ಬ್ಯಾಂಡನ್ನು ಕೆಡಿಸಿದರು ಎಂದು ಹೇಳಬೇಕು.

ಅವನು ಅಂಗಳಕ್ಕೆ ಹೋದ. ನಲ್ಲಿ ತಿರುಗಿಸಿದ, ನೀರಿರಲಿಲ್ಲ, ಮತ್ತೆ ಬಂದ್ ಮಾಡಿದ. ವಾಪಸು ಬಂದು ಮಗಳಿಗೆ ಹೇಳಿದ.

"ಬೇರೆ ವಿಷಯ ತಗೋ. ಲಾಲಿಹಾಡೇ ಚೆನ್ನಾಗಿದೆ."

"ನೀನೇ ಹೇಳಿದ್ದು ಇದನ್ನ ಮಾಡು ಅಂತ" ಎಂದಳು ಮಗಳು. "ನಾಳೆ ಹೆಸರು ಕೊಡ್ಬೇಕು. ಕ್ಲಾಸಲ್ಲಿ ನನ್ನ ಏನಂತ ಕರೀತಾರೆ ಗೊತ್ತಾ ನಿಂಗೆ?"

ಗೊತ್ತಿತ್ತು. ಅದಕ್ಕೇ ಅವನು ಮುಖ ತಿರುಗಿಸಿ ಪರದೆಯ ಕಡೆ ನೋಡಿದ. ಹೆಂಡತಿ ಅಷ್ಟು ಹೊತ್ತು ಅಪ್ಪನಿಗೂ ಗಂಡನಿಗೂ ನಡುವೆ ಗೋಡೆಯ ಹಾಗೆ ಕೂತಿದ್ದವಳು ಎದ್ದಳು.

"ಇಷ್ಟು ವರ್ಷ ನಿಂತೇ ಬಂದ್ರಿ ಈ ಸ್ಟಾಪಿಗೋಸ್ಕರ. ಬಂದ ಮೇಲೆ ಇಳಿಯಲ್ಲ ಅಂದ್ರೆ ಹೇಗೆ? ಇನ್ಮೇಲೆ ನಿಮ್ಮಿಬ್ಬರ ಮಾತು ನಾನು ಹೊರಲ್ಲ. ಏನಿದ್ರೂ ನೀವೇ ಹೇಳ್ಕೊಳ್ಳಿ." ಎಂದವಳೇ ತಾಯಿಯನ್ನು ಕರೆದುಕೊಂಡು ಒಳಗೆ ಹೋದಳು.

ಉಳಿದದ್ದು ಮೂವರು, ಎರಡು ಕ್ಲಾರಿನೆಟ್ಟು. ಮಗಳು ಪೆನ್ನಿನ ತುದಿ ಕಚ್ಚುತ್ತಿದ್ದಳು. ಲಾಲಿ ಎಂದು ಬರೆಯಲೋ ಬೇಡವೋ ಎಂದು ಅವಳ ಕೈ ಕಾಗದದ ಮೇಲೆ ಓಡಾಡುತ್ತಿತ್ತು.

ಅಜ್ಜ ತಮ್ಮದನ್ನು ಎತ್ತಿಕೊಂಡರು. ಕೊರಳನ್ನು ಹಿಡಿದು ಹೊರಗೆ ಎಳೆದರು, ಉಗುರಿನಷ್ಟು. ಅಲ್ಲಿ ತೆಳ್ಳಗೆ ಒಂದು ಸಂದು ಕಂಡಿತು.

"ಉದ್ದ ಇರೋದನ್ನ ಒತ್ತಿ ಗಿಡ್ಡ ಮಾಡೋಕಾಗಲ್ಲ" ಎಂದು ಮೊಮ್ಮಗಳಿಗೆ ಹೇಳಿದರು. "ಗಿಡ್ಡ ಇರೋದನ್ನ ಎಳೀಬಹುದು. ಇದು ನನಗೆ ಸ್ಪರ್ಧೆ ದಿನವೂ ಗೊತ್ತಿತ್ತು, ಎಳೀಲಿಲ್ಲ. ಬರ್ಕೋ ಅದನ್ನೂ."

ಅವರು ಊದಿದರು. ಕಂಡಕ್ಟರ್ ನಿಂತಲ್ಲೇ ತನ್ನದನ್ನು ಎತ್ತಿ ಅದೇ ಸ್ವರ ಹಿಡಿದ. ಎರಡು ಸ್ವರ ಒಂದಕ್ಕೊಂದು ತಾಗಿ ನಡುವೆ ಒಂದು ನಡುಕ ಎದ್ದಿತು, ನಿಂತ ಬಸ್ಸಿನ ಕಿಟಕಿಯ ಗಾಜು ಎಂಜಿನ್ನಿಗೆ ಗಡಗಡ ಎನ್ನುವ ಹಾಗೆ. ಹಲ್ಲು ಜುಮ್ಮೆನ್ನುವ ಸದ್ದು. ಮಗಳು ಕಿವಿ ಮುಚ್ಚಿಕೊಳ್ಳಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಬಗ್ಗಿ ಕೇಳಿದಳು. ಅಜ್ಜ ನಿಲ್ಲಿಸಿ ಕೊರಳನ್ನು ಇನ್ನೊಂದಿಷ್ಟು ಎಳೆದರು. ಮತ್ತೆ ಊದಿದರು. ನಡುಕ ನಿಧಾನವಾಯಿತು. ಈಗ ಅದು ಅಲೆಯಂತಿತ್ತು, ಬರುತ್ತಿತ್ತು, ಹೋಗುತ್ತಿತ್ತು. ಪರದೆಯ ಒಂದು ಹಿತ್ತಾಳೆ ಬಳೆ ಅದಕ್ಕೆ ಸಣ್ಣಗೆ ಗುಂಯ್‌ಗುಡುತ್ತಿತ್ತು.

ಅಜ್ಜ ಇಷ್ಟಕ್ಕೇ ನಿಲ್ಲಿಸುವವರಿದ್ದರು. ಕಂಡಕ್ಟರಿಗೆ ತಡೆಯಲಿಲ್ಲ. ಮಾತು ದಾಟಿಸಬೇಕಾದ ಹೆಂಡತಿ ಒಳಗಿದ್ದಾಳೆ ಎನ್ನುವುದು ಮರೆತೇಹೋಯಿತು.

"ಇನ್ನೊಂದು ಕೂದಲೆಳೆ ಮಾವ."

ಅಜ್ಜ ಅವನನ್ನು ಕನ್ನಡಕದ ಮೇಲಿನಿಂದ ನೋಡಿದರು.

"ಕೂತ್ಕೊಂಡು ಹೇಳು. ನನ್ನ ಬ್ಯಾಂಡಲ್ಲಿ ನಿಂತವನ ಮಾತು ಯಾರೂ ಕೇಳಲ್ಲ."

ಕಂಡಕ್ಟರ್ ಸುತ್ತ ನೋಡಿದ. ಕುರ್ಚಿ ಖಾಲಿಯಿತ್ತು, ಅದರಲ್ಲಿ ಅವನ ಚೀಲ ಕೂತಿತ್ತು. ಅದನ್ನು ಎಬ್ಬಿಸಿ ಕೆಳಗಿಟ್ಟು, ಕುರ್ಚಿಯ ಅಂಚಿನಲ್ಲಿ, ಯಾರಾದರೂ ಹಿರಿಯರು ಹತ್ತಿದರೆ ಎದ್ದು ಕೊಡುವವನ ಹಾಗೆ ಕೂತ. ಅಜ್ಜ ಕೂದಲೆಳೆಯಷ್ಟು ಎಳೆದರು.

ಈ ಸಲ ಅಲೆ ಬಹಳ ಉದ್ದಕ್ಕೆ ಹೋಯಿತು, ಬರುವುದನ್ನು ಮರೆಯಿತು. ಯಾರದು ಯಾವ ಸ್ವರ ಎಂದು ಗೊತ್ತಾಗಲಿಲ್ಲ. ಒಳಗಿನ ಬಾಗಿಲಲ್ಲಿ ಅಜ್ಜಿಯೂ ಹೆಂಡತಿಯೂ ಬಂದು ನಿಂತಿದ್ದರು, ಚಹಾದ ಲೋಟ ಹಿಡಿದುಕೊಂಡು.

ಮಗಳು ಬರೆದಳು. ಬರೆದದ್ದನ್ನು ಮೊದಲು ಅಜ್ಜನಿಗೆ ತೋರಿಸಿದಳು, ಅವರು ಬೇಡ ಎಂದರೆ ಹರಿಯುವುದಕ್ಕೆ ಸಿದ್ಧಳಾಗಿ. 'ನಮ್ಮ ಊರು ಯಾಕೆ ಒಂದು ಎಳೆ ಮೇಲೆ ಊದುತ್ತಿತ್ತು' ಎಂದಿತ್ತು. ಅಜ್ಜ ಕಾಗದವನ್ನು ದೂರ ಹಿಡಿದು ಓದಿ, ಕೆಳಗೆ ನನ್ನ ಹೆಸರು ಹಾಕು, ಕೊಯ್ದವನು ನಾನು, ಯಾರೋ ಕೊಯ್ದರು ಅಂತ ಹೇಳಬೇಡ ಎಂದರು. ಆಮೇಲೆ ಎದ್ದು ತಾವೇ ತಂತಿ ಬಿಚ್ಚಿ ಪರದೆ ಇಳಿಸಿದರು. ಬಳೆಗಳು ಕಿಣಿಗುಟ್ಟುತ್ತ ಮೊಮ್ಮಗಳ ಮಡಿಲಿಗೆ ಬಿದ್ದವು. ಅಜ್ಜಿ, ಹೇಗೂ ಕೆಳಗಿಳಿದಿದೆ, ಆ ಜೋತುಬಿದ್ದದ್ದನ್ನು ಹೊಲಿದುಕೊಡುತ್ತೇನೆ ಎಂದು ಸೂಜಿ ಹುಡುಕಹೊರಟಳು.

"ಹೊಲೀಬೇಡ" ಎಂದರು ಅಜ್ಜ. "ಅದನ್ನೇ ಮೊದಲು ತೋರಿಸ್ಲಿ."

ಪರದೆಯಿಲ್ಲದ ಕಿಟಕಿಯಿಂದ ಬೆಳಕು ನೇರ ಮುಖಕ್ಕೆ ಬೀಳುತ್ತಿತ್ತು. ಕಂಡಕ್ಟರಿನ ಚಹಾ ಕೈಯಲ್ಲೇ ಆರುತ್ತಿತ್ತು. ಮಗಳು ಮಾತಾಡುವ ದಿನ ಯಾರ ಹತ್ತಿರ ಪಾಳಿ ಬದಲಾಯಿಸಿಕೊಳ್ಳುವುದು, ಶಾಲೆಯಲ್ಲಿ ಊದಲು ಎಲ್ಲಿ ನಿಲ್ಲುವುದು, ನಡುವೆ ತುಟಿ ಒಣಗಿದರೆ ಏನು ಮಾಡುವುದು ಎಂದು ಅವನ ತಲೆ ಆಗಲೇ ಮುಂದಿನ ಸ್ಟಾಪಿಗೆ ಓಡಿತ್ತು. ಕುರ್ಚಿಯ ಕೆಳಗೆ ಒಂದು ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಮಾವ ಕ್ಲಾರಿನೆಟ್ಟನ್ನು ಮತ್ತೆ ತುಟಿಗೆ ತಂದವರು, ಅದನ್ನು ನೋಡಿ ಇಳಿಸಿದರು.

"ಕಾಲು ಅಲ್ಲಾಡಿಸ್ಬೇಡ. ಕಾಲ ತಪ್ಪತ್ತೆ."